ಎಳೆಯರ ಶಾಲೆಯ ಬಾಗಿಲಲ್ಲಿ ಪರೀಕ್ಷೆ ಏಕೆ?

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಎರಡು ಬಗೆಯ ಓಡಾಟ ಏಕಕಾಲಕ್ಕೆ ಆರಂಭವಾಗುತ್ತದೆ. ಗೋದಲಿಗೆ ಹುಲ್ಲು, ಮಣ್ಣು, ಬಣ್ಣದ ಕಾಗದ ಒಟ್ಟುಗೂಡಿಸುವುದು, ಕುಸ್ವಾರಿನ ನೆವ್ರಿ, ಕಿಡಿಯೊಗಳಿಗೆ ಹಿಟ್ಟು ಹದಮಾಡುವುದು ಒಂದು. ಮನೆಯಲ್ಲಿ ಮೂರೂವರೆ ವರ್ಷದ ಮಗುವಿದ್ದರೆ, ಬರುವ ಸಾಲಿನ ಎಲ್‌ಕೆಜಿ ಸೀಟಿಗಾಗಿ ನಡೆಯುವ ಓಡಾಟ ಇನ್ನೊಂದು. ಯಾವ ಶಾಲೆಯಲ್ಲಿ ಯಾವ ದಿನ ಅರ್ಜಿ ಕೊಡುತ್ತಾರೆ, ಎಷ್ಟು ಗಂಟೆಗೆ ಸಾಲು ನಿಲ್ಲಬೇಕು, ಯಾವ ಗುರುಗಳ ಶಿಫಾರಸು ಪತ್ರಕ್ಕೆ ಹೆಚ್ಚಿನ ಬೆಲೆ ಎಂಬ ಮಾತುಗಳು ಭಾನುವಾರದ ಬಲಿಪೂಜೆ ಮುಗಿದೊಡನೆ ಇಗರ್ಜಿಯ ಅಂಗಳದಲ್ಲೇ ಕೇಳಿಬರುತ್ತವೆ. ಛತ್ರದಲ್ಲಿ ಸ್ಥಳ ಸಿಗದ ಒಂದು ಕುಟುಂಬದ ಕತೆಯನ್ನು ಗೋದಲಿಯಲ್ಲಿ ಮಣ್ಣಿನ ಬೊಂಬೆಗಳಿಂದ ಕಟ್ಟಿ ನಿಲ್ಲಿಸುವ ದಿನಗಳಲ್ಲೇ ಇದೂ ನಡೆಯುತ್ತದೆಂಬುದು ನಮಗೆ ಪ್ರತಿ ವರ್ಷವೂ ಮನಸ್ಸಿಗೆ ಚುಚ್ಚುವ ಸಂಗತಿ.

ನಮಗೆ ಪರಿಚಿತವಾದ ಒಂದು ಕುಟುಂಬದ ಅನುಭವವನ್ನು ಓದುಗರ ಮುಂದಿಡುತ್ತೇವೆ. ತಂದೆ ಗ್ಯಾರೇಜಿನಲ್ಲಿ ದುಡಿಯುವವರು, ತಾಯಿ ಹೊಲಿಗೆ ಬಲ್ಲವರು. ಮಗನನ್ನು ನಮ್ಮವರೇ ನಡೆಸುವ ಒಂದು ಆಂಗ್ಲ ಮಾಧ್ಯಮ ಶಾಲೆಗೆ ಕರೆದೊಯ್ದರು. ಅಲ್ಲಿ ಅದನ್ನು ಸಂದರ್ಶನವೆಂದು ಕರೆಯುವುದಿಲ್ಲ. 'ಮಗುವಿನೊಡನೆ ಪರಿಚಯ' ಎನ್ನುತ್ತಾರೆ. ಶಿಕ್ಷಕಿಯೊಬ್ಬರು ಹಸುವಿನ ಚಿತ್ರ ತೋರಿಸಿ ಇದೇನೆಂದು ಆಂಗ್ಲ ಭಾಷೆಯಲ್ಲಿ ಕೇಳಿದರು. ಹುಡುಗ ಕೂಡಲೇ 'ಗಾಯ್' ಎಂದ. ಕೊಂಕಣಿಯಲ್ಲಿ ಅದು ಸರಿಯಾದ ಉತ್ತರ. ಅಜ್ಜಿಯ ಮನೆಯ ಹಟ್ಟಿಯಲ್ಲಿ ದಿನವೂ ಹಾಲು ಕರೆಯುವುದನ್ನು ಕಂಡವನು ಆತ. ಅದು ಯಾವಾಗ ಹಾಯುತ್ತದೆ, ಯಾವಾಗ ನೆಕ್ಕುತ್ತದೆ ಎಂಬುದೂ ಅವನಿಗೆ ತಿಳಿದಿತ್ತು. ಶಿಕ್ಷಕಿ ಇನ್ನೊಮ್ಮೆ ಕೇಳಿದರು. ತಾನು ತಪ್ಪು ಹೇಳಿದೆನೆಂದು ಭಾವಿಸಿದ ಹುಡುಗ ಆಮೇಲೆ ಬಾಯಿಯನ್ನೇ ತೆರೆಯಲಿಲ್ಲ. ಸೀಟು ದೊರೆಯಲಿಲ್ಲ. ತಾಯಿ ನಮ್ಮೊಡನೆ ಹೇಳಿಕೊಂಡದ್ದು ಸೀಟಿನ ದುಃಖವನ್ನಲ್ಲ. ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಮಗ, ಅದು ಹಸುವಲ್ಲವೇ ಅಮ್ಮಾ ಎಂದು ಎರಡು ಮೂರು ಸಲ ಕೇಳಿದನಂತೆ. ಆ ಪ್ರಶ್ನೆಗೆ ಏನೆಂದು ಉತ್ತರಿಸಬೇಕೆಂದು ಆ ತಾಯಿಗೆ ತೋಚಲಿಲ್ಲ, ನಮಗೂ ತೋಚಿಲ್ಲ.

ಮೂರೂವರೆ ವರ್ಷದ ಮಗುವಿಗೆ ಪರೀಕ್ಷೆ ನಡೆಸುವ ಈ ಪದ್ಧತಿ ಶಿಶುಶಿಕ್ಷಣದ ಜೊತೆಗೇ ಹುಟ್ಟಿಬಂದದ್ದೆಂದು ಹಲವರು ಭಾವಿಸಿದ್ದಾರೆ. ಇತಿಹಾಸ ಹೇಳುವುದು ಇದಕ್ಕೆ ತೀರ ವಿರುದ್ಧವಾದುದನ್ನು.

ಎಳೆಯ ಮಕ್ಕಳಿಗಾಗಿಯೇ ಪ್ರತ್ಯೇಕ ಶಾಲೆ ಬೇಕೆಂದು ಯುರೋಪಿನಲ್ಲಿ ಮೊದಲು ಯೋಚಿಸಿದವರಲ್ಲಿ ಹಲವರು ದೇವಸೇವಕರೇ. ಹೊಲಗಳಲ್ಲಿ ದುಡಿಯುವ ತಾಯಂದಿರ ಮಕ್ಕಳು ಬೀದಿಪಾಲಾಗಬಾರದೆಂಬುದೇ ಅವರ ಚಿಂತೆಯಾಗಿತ್ತು. ಫ್ರಾನ್ಸಿನ ವೋಜ್ ಬೆಟ್ಟಗಳ ಬಡ ಹಳ್ಳಿಗಳಲ್ಲಿ ಪ್ರೊಟೆಸ್ಟೆಂಟ್ ಪಾದ್ರಿ ಒಬೆರ್ಲಿನ್ ಅವರು 1770ರ ಸುಮಾರಿಗೆ ಹಳ್ಳಿಯ ಯುವತಿಯರನ್ನೇ ಕಲೆಹಾಕಿ, ಪುಟ್ಟ ಮಕ್ಕಳಿಗೆ ಹೆಣಿಗೆ, ಹಾಡು, ಗಿಡಮೂಲಿಕೆಗಳ ಪರಿಚಯ ಮಾಡಿಸುವ ಶಾಲೆಗಳನ್ನು ನಡೆಸಿದರು. ಇಟಲಿಯ ಕ್ರೆಮೋನಾ ನಗರದಲ್ಲಿ ಕಥೋಲಿಕ ಧರ್ಮಗುರು ಫೆರಾಂತೆ ಅಪೋರ್ತಿ ಅವರು 1828ರಲ್ಲಿ ಆ ದೇಶದ ಮೊದಲ ಶಿಶುಶಾಲೆಯನ್ನು ತೆರೆದರು. ಬಳಿಕ ಬಡವರ ಮಕ್ಕಳಿಗೂ ಅದರ ಬಾಗಿಲು ತೆರೆಯಿತು. ತಾಯಿಯ ಮಡಿಲಿನಿಂದ ಮಗುವನ್ನು ಕಸಿಯುವ ಉಪಾಯವಿದೆಂದು ಸಂಶಯಪಟ್ಟವರು ನಮ್ಮ ಧರ್ಮಸಭೆಯೊಳಗೂ ಇದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ.

'ಕಿಂಡರ್‌ಗಾರ್ಟನ್' ಎಂಬ ಹೆಸರು ಕೊಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಅವರು ಆರಂಭಿಸಿದ ಸಂಸ್ಥೆಗೆ 1840ರಲ್ಲಿ ಈ ಹೆಸರಿಟ್ಟರು. ಮಕ್ಕಳ ತೋಟವೆಂದು ಅದರ ಅರ್ಥ. ಉಣ್ಣೆಯ ಚೆಂಡು, ಮರದ ಗುಂಡು, ಘನ, ಉರುಳೆ ಇವೇ ಅಲ್ಲಿನ ಪಾಠೋಪಕರಣಗಳು, ಆಟವೇ ಪಾಠ. ಈ ನಿರುಪದ್ರವಿ ತೋಟಗಳೂ ಆಳುವವರಿಗೆ ಅಪಾಯಕಾರಿಯಾಗಿ ಕಂಡವು. 1851ರಲ್ಲಿ ಪ್ರಶ್ಯಾ ಸರಕಾರ ಅವುಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ಎಲ್‌ಕೆಜಿ, ಯುಕೆಜಿ ಎಂಬ ಅಕ್ಷರಗಳಲ್ಲಿ ಅವಿತಿರುವ 'ಕೆಜಿ' ಎಂದರೆ ಇದೇ ತೋಟವೆಂಬುದನ್ನು ಇಂದು ಎಷ್ಟು ಮಂದಿ ನೆನೆಯುತ್ತಾರೆ?

ಕಥೋಲಿಕರಾದ ನಾವು ಇನ್ನೂ ಹತ್ತಿರದಿಂದ ಅರಿಯಬೇಕಾದ ಹೆಸರು ಮಾರಿಯಾ ಮಾಂಟೆಸ್ಸೊರಿ ಅವರದು. 1870ರಲ್ಲಿ ಇಟಲಿಯಲ್ಲಿ ಜನಿಸಿದ ಈ ಮಹಿಳೆ ವೈದ್ಯೆ, ಕಥೋಲಿಕಳು. ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ, 1907ರ ಜನವರಿ 6ರಂದು, ಅಂದರೆ ಮೂವರು ರಾಯರ ಹಬ್ಬದ ದಿನದಂದೇ, ಅವರ ಮೊದಲ 'ಮಕ್ಕಳ ಮನೆ' ತೆರೆಯಿತು. ಅದರ ಹಿಂದಿನ ಕಾರಣ ಸ್ವಾರಸ್ಯಕರವಾದುದು. ತಂದೆತಾಯಿ ಕೆಲಸಕ್ಕೆ ಹೋದ ಮೇಲೆ ಮಕ್ಕಳು ಮೆಟ್ಟಿಲುಗಳಲ್ಲಿ ಓಡಾಡಿ ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಕೆಡಿಸುತ್ತಿದ್ದುದರಿಂದ, ಅವರನ್ನು ಒಂದು ಕೋಣೆಯಲ್ಲಿ ಕೂಡಿಸಿದರೆ ಸಾಕೆಂದು ಕಟ್ಟಡದ ಆಡಳಿತದವರು ಬಯಸಿದ್ದರು. ಗೋಡೆ ಉಳಿಸಲು ಹೊರಟವರು ಜಗತ್ತಿನ ಶಿಕ್ಷಣದ ದಿಕ್ಕನ್ನೇ ಬದಲಾಯಿಸಿದ ಕೆಲಸಕ್ಕೆ ಕಾರಣರಾದರು. ಆ ಕೋಣೆಗೆ ಬಂದವರು ಮೂರರಿಂದ ಆರು ವರ್ಷದ ಸುಮಾರು 50 ಮಕ್ಕಳು. ಅಕ್ಷರ ಬಾರದ ತಾಯಿತಂದೆಯರ ಮಕ್ಕಳು. ಯಾರನ್ನೂ ಯಾವ ಚಿತ್ರ ತೋರಿಸಿಯೂ ಆರಿಸಲಿಲ್ಲ. ಆ ಕಟ್ಟಡದಲ್ಲಿ ವಾಸವಿರುವುದೇ ಅವರ ಅರ್ಹತೆಯಾಗಿತ್ತು.

ಅಲ್ಲಿ ಮಾಂಟೆಸ್ಸೊರಿ ಕಂಡುಕೊಂಡದ್ದನ್ನು ಇಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಮಾಡುವವರು ಕೆಲವರೇ. ಮಗುವಿಗೆ ತನ್ನ ಎತ್ತರದ ಮೇಜು, ತನ್ನ ಕೈಗೆಟುಕುವ ಕಪಾಟು ಕೊಡಿ. ಗುಂಡಿ ಹಾಕಲು, ನೀರು ಸುರಿಯಲು, ಗುಡಿಸಲು ಬಿಡಿ. ಅಕ್ಷರವನ್ನು ಬೆರಳಿನಿಂದ ಮುಟ್ಟಿ ತಿಳಿಯಲಿ. ನಡುವೆ ಬಾಯಿ ಹಾಕಬೇಡಿ. ಬಾರ್ಸಿಲೋನಾ ನಗರದಲ್ಲಿ ಇದೇ ತತ್ತ್ವವನ್ನು ಅವರು ಧರ್ಮೋಪದೇಶಕ್ಕೂ ಅನ್ವಯಿಸಿದರು. ಮಕ್ಕಳಿಗೆಂದೇ ಸಜ್ಜುಗೊಳಿಸಿದ ಪ್ರಾರ್ಥನಾಲಯ. ಅಲ್ಲಿನ ಪೀಠೋಪಕರಣಗಳೂ ತೀರ್ಥದ ಬಟ್ಟಲೂ ಮಕ್ಕಳ ಎತ್ತರಕ್ಕೇ. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತದೆಂದು ತಿಳಿಯಲು ಮಕ್ಕಳೇ ಗೋಧಿ ಬಿತ್ತಿದರು, ದ್ರಾಕ್ಷಿ ಬಳ್ಳಿ ಬೆಳೆಸಿದರು. ನಮ್ಮ ಭಾನುವಾರದ ಧರ್ಮೋಪದೇಶದ ತರಗತಿಗಳಲ್ಲಿ ಎಳೆಯರನ್ನು ಬೆಂಚಿನ ಮೇಲೆ ಕೂರಿಸಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವವರು ಇದನ್ನು ಒಮ್ಮೆ ಓದಿ ನೋಡಬೇಕು. ಈ ದಾರಿಯಲ್ಲೇ ಮುಂದುವರಿದು ರೋಮಿನಲ್ಲಿ 1954ರಿಂದ ಸೋಫಿಯಾ ಕವಲೆತ್ತಿ ಹಾಗೂ ಜಾನ್ನಾ ಗೊಬ್ಬಿ ಎಂಬ ಇಬ್ಬರು ಮಹಿಳೆಯರು ರೂಪಿಸಿದ 'ಒಳ್ಳೆಯ ಕುರುಬ'ನ ಧರ್ಮೋಪದೇಶ ಕ್ರಮ ಇಂದು ಹಲವು ದೇಶಗಳಲ್ಲಿ ಹರಡಿದೆ.

ಮಾಂಟೆಸ್ಸೊರಿ ಅವರಿಗೂ ನಮ್ಮ ದಕ್ಷಿಣ ಭಾರತಕ್ಕೂ ಇರುವ ನಂಟು ಬಹಳ ಗಾಢವಾದುದು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದ ಅವರಿಂದ ಸುಮಾರು 300 ಮಂದಿ ತರಬೇತಿ ಪಡೆದರು. ಮರುವರ್ಷ ಇಟಲಿ ಯುದ್ಧಕ್ಕಿಳಿದುದರಿಂದ ಬ್ರಿಟಿಷ್ ಸರಕಾರಕ್ಕೆ ಅವರು ಶತ್ರುದೇಶದ ಪ್ರಜೆಯಾದರು. ಮಗ ಮಾರಿಯೊನನ್ನು ಬಂಧಿಸಿ ದೂರ ಇರಿಸಲಾಯಿತು. ತಾಯಿಯ 70ನೆಯ ಹುಟ್ಟುಹಬ್ಬದ ಹೊತ್ತಿಗೆ ಸರಕಾರ ಆತನನ್ನು ಬಿಡುಗಡೆ ಮಾಡಿತು. ಮುಂದೆ ಕೋಡೈಕನಾಲಿನ ತಂಪಿನಲ್ಲಿ ಮಕ್ಕಳೊಡನೆ ಕೆಲಸ ಮಾಡುತ್ತ ಯುದ್ಧದ ವರ್ಷಗಳನ್ನು ಕಳೆದರು. 1952ರಲ್ಲಿ ನೆದರ್‌ಲೆಂಡಿನಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ಕಥೋಲಿಕ ಸ್ಮಶಾನದಲ್ಲಿದೆ. ಇಂದು ನಗರಗಳಲ್ಲಿ ಅವರ ಹೆಸರು ಹೊತ್ತ ಫಲಕಗಳಿಗೆ ಬರಗಾಲವಿಲ್ಲ. ಫಲಕದ ಕೆಳಗಿನ ಶುಲ್ಕದ ಪಟ್ಟಿಯನ್ನು ಸಾನ್ ಲೊರೆಂಜೊದ ಕೂಲಿಕಾರರು ಕಂಡಿದ್ದರೆ ಏನೆನ್ನುತ್ತಿದ್ದರೋ.

ನಮ್ಮ ದೇಶದವರು ಕೈಕಟ್ಟಿ ಕುಳಿತಿರಲಿಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಿಂದ ಅನುತಾಯಿ ವಾಘ್ ಅವರೊಡಗೂಡಿ ಬುಡಕಟ್ಟಿನ ಮಕ್ಕಳಿಗಾಗಿ ದುಡಿದರು. ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯೇ ಅವರ ಗುಡಿಸಲಿನ ಅಂಗಳಕ್ಕೆ ಹೋಯಿತು. ಅಂಗನವಾಡಿ ಎಂಬ ಕಲ್ಪನೆ ಮೂಡಿದ್ದು ಹೀಗೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕಕ್ಕೆ ದೊರೆತ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿ. ನರಸೀಪುರದ್ದು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಕರಾವಳಿಯಲ್ಲಿ ನಮ್ಮ ಧರ್ಮಭಗಿನಿಯರ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು. ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1921ರಲ್ಲಿ ಮೊನ್ಸಿಞೊರ್ ರೇಮಂಡ್ ಮಸ್ಕರೇನ್ಹಸ್ ಅವರು ಬೆಥನಿ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಕಣ್ಣಮುಂದಿದ್ದದ್ದು ಶಾಲೆ ಕಾಣದ ಹಳ್ಳಿಯ ಹುಡುಗಿಯರು. ಗೇರುಬೀಜದ ಕಾರ್ಖಾನೆಗೆ ಹೋಗುವ, ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗಾಗಿ ಕಾನ್ವೆಂಟುಗಳ ಹಿತ್ತಿಲಲ್ಲಿ ಬಾಲವಾಡಿಗಳು ನಡೆದವು. ಅಲ್ಲಿ ಜಾತಿ ಮತ ಕೇಳುವವರಿರಲಿಲ್ಲ. ಒಂದು ಚಾಪೆ, ಒಂದು ಮಡಕೆ ನೀರು, ಹಾಡು ಬಲ್ಲ ಒಬ್ಬ ಭಗಿನಿ, ಮಧ್ಯಾಹ್ನಕ್ಕೆ ಗಂಜಿ ಅಥವಾ ಉಪ್ಪಿಟ್ಟು. ಇಂದು ನಮ್ಮ ಊರುಗಳಲ್ಲಿ ಅರವತ್ತು ದಾಟಿದ ಅನೇಕರು ತಮ್ಮ ಮೊದಲ ಶಾಲೆಯೆಂದು ನೆನೆಯುವುದು ಇದನ್ನೇ.

ಶಾಲೆಯೇ ಇಲ್ಲದೆಯೂ ನಮ್ಮ ಹಿರಿಯರು ಎಳೆಯರಿಗೆ ಕಲಿಸುತ್ತಿದ್ದ ಬಗೆಯೊಂದಿದೆ. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಮುನ್ನ ಒಂಬತ್ತು ದಿನ ಮಕ್ಕಳು ಹೂ ಕೊಯ್ಯುತ್ತಾರೆ. ಯಾವ ಬೇಲಿಯಲ್ಲಿ ಯಾವ ಹೂ ಅರಳುತ್ತದೆ, ಯಾವುದಕ್ಕೆ ಮುಳ್ಳಿದೆ, ಯಾವುದು ಮಧ್ಯಾಹ್ನಕ್ಕೇ ಬಾಡುತ್ತದೆ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ. ಬಣ್ಣ ಬೇರ್ಪಡಿಸಿ ತಟ್ಟೆಯಲ್ಲಿ ಜೋಡಿಸುವುದು, ಸಾಲಿನಲ್ಲಿ ತನ್ನ ಸರದಿಗೆ ಕಾಯುವುದು, ಬಾಲೆ ಮರಿಯಮ್ಮನಿಗೆ ಹಾಡುತ್ತ ಹೂ ಎರಚುವುದು, ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹಾಲಿಗೋ ಪಾಯಸಕ್ಕೋ ಹಾಕಿದ ಹೊಸ ಅಕ್ಕಿಯನ್ನು ಅಜ್ಜನ ಕೈಯಿಂದ ಪಡೆಯುವುದು. ಎಣಿಕೆ, ಬಣ್ಣ, ಋತು, ಹಾಡು, ತಾಳ್ಮೆ, ಹಂಚಿ ತಿನ್ನುವುದು, ದೈವಭಕ್ತಿ ಇವೆಲ್ಲ ಒಂಬತ್ತು ದಿನಗಳಲ್ಲಿ ಒಂದು ಪುಟ್ಟ ಮಗುವಿನೊಳಗೆ ಇಳಿಯುತ್ತವೆ. ಬಾರ್ಸಿಲೋನಾದಲ್ಲಿ ಗೋಧಿ ಬಿತ್ತಿದ ಮಕ್ಕಳಿಗೂ ತೆನೆ ಹಿಡಿದ ನಮ್ಮ ಮಕ್ಕಳಿಗೂ ಅಂತರವೆಲ್ಲಿದೆ? ಈಗ ಹಲವು ಕಡೆ ಹೂವನ್ನು ಮಾರುಕಟ್ಟೆಯಿಂದ ತೂಕಕ್ಕೆ ಕೊಂಡು ತಂದು ಮಕ್ಕಳ ಕೈಗಿಡುತ್ತಾರೆ. ಎಲ್‌ಕೆಜಿಯ ಹೋಂವರ್ಕ್ ಇರುವಾಗ ಬೇಲಿ ಸುತ್ತಲು ಪುರುಸೊತ್ತೆಲ್ಲಿ?

ಹೀಗೆ ಬಡವರ ಮಗುವಿಗಾಗಿ, ಆಟಕ್ಕಾಗಿ ಹುಟ್ಟಿದ ವ್ಯವಸ್ಥೆ ಆಯ್ಕೆಯ ಬಾಗಿಲಾಗಿ ಮಾರ್ಪಟ್ಟದ್ದು ಹೇಗೆ? ಕಾರಣ ಗುಟ್ಟಿನದೇನಲ್ಲ. ಹೆಸರುವಾಸಿ ಶಾಲೆಗಳಲ್ಲಿ ಒಂದನೆಯ ತರಗತಿಗೆ ಹೊಸಬರಿಗೆ ಸ್ಥಳವೇ ಉಳಿಯುವುದಿಲ್ಲ. ಎಲ್‌ಕೆಜಿಯಲ್ಲಿ ಒಳಗೆ ಬಂದವರೇ ಹತ್ತನೆಯ ತರಗತಿಯವರೆಗೂ ಸಾಗುತ್ತಾರೆ. ಆದ್ದರಿಂದ ಹನ್ನೆರಡು ವರ್ಷಗಳ ಭವಿಷ್ಯ ಮೂರೂವರೆ ವರ್ಷದ ಮಗುವಿನ ಒಂದು ಮುಂಜಾನೆಯ ಮೇಲೆ ನಿಂತಿದೆಯೆಂದು ಹೆತ್ತವರು ಕಂಗಾಲಾಗುತ್ತಾರೆ. ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ನಡೆಸುವ ಪದ್ಧತಿಯನ್ನೇ ರದ್ದುಪಡಿಸಬೇಕೆಂದು ಪ್ರೊ. ಯಶ್‌ಪಾಲ್ ಸಮಿತಿ 1993ರಷ್ಟು ಹಿಂದೆಯೇ ಸಲಹೆ ನೀಡಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲಾ ಪ್ರವೇಶದಲ್ಲಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಸೋಸಿ ಆರಿಸುವುದನ್ನು ನಿಷೇಧಿಸಿತು. ಖಾಸಗಿ ಶಾಲೆಗಳು ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕೆಂದಿತು, ಶಿಶುತರಗತಿಗಳಿರುವಲ್ಲಿ ಅಲ್ಲಿಂದಲೇ.

ಇಲ್ಲೇ ನಮಗೆ ಮುಜುಗರದ ಮಾತೊಂದನ್ನು ಆಡಬೇಕಾಗಿದೆ. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಆ ತೀರ್ಪು ಸರಿಯೇ ಎಂಬುದನ್ನು ಇನ್ನೂ ದೊಡ್ಡ ಪೀಠ ಪರಿಶೀಲಿಸಬೇಕೆಂದು 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಅಭಿಪ್ರಾಯಪಟ್ಟಿದೆ. ಸಂವಿಧಾನದ 30ನೆಯ ವಿಧಿ ನಮಗೆ ನೀಡಿದ ಹಕ್ಕು ಅಮೂಲ್ಯವಾದುದು. ಅದು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆ ಹಕ್ಕಿನ ನೆರಳಿನಲ್ಲಿ ನಾವು ಯಾರನ್ನು ಹೊರಗಿರಿಸಿದ್ದೇವೆ? ನಮ್ಮದೇ ಧರ್ಮಕೇಂದ್ರದ ಗ್ಯಾರೇಜು ಕೆಲಸಗಾರನ ಮಗನನ್ನು. ಅಲ್ಪಸಂಖ್ಯಾತ ಶಾಲೆಯಲ್ಲಿ ಅಲ್ಪಸಂಖ್ಯಾತರ ಬಡ ಮಗುವಿಗೆ ಸ್ಥಳವಿಲ್ಲವೆಂದರೆ ಹಕ್ಕಿನ ಪರವಾಗಿ ವಾದಿಸುವ ನಮ್ಮ ನಾಲಿಗೆ ತಡವರಿಸದೆ? ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ವಿಶೇಷವಾಗಿ ನೋಡಿಕೊಳ್ಳಬೇಕೆಂದು ಕಥೋಲಿಕ ಶಾಲೆಗಳಿಗೆ ತಿಳಿಸಿದೆ. ಈ ನಿಯಮಕ್ಕೆ ಯಾವ ಪೀಠದಿಂದಲೂ ವಿನಾಯಿತಿ ದೊರೆಯದು.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. 1910ರಲ್ಲಿ ಜಗದ್ಗುರು ಸಂತ ಹತ್ತನೆಯ ಭಕ್ತಿನಾಥರು ಪ್ರಥಮ ಪರಮಪ್ರಸಾದದ ವಯಸ್ಸನ್ನು ಕೆಳಗಿಳಿಸಿದಾಗಲೂ, ಮಗು ವಿವೇಕವನ್ನು ಪಡೆಯುವ ಸುಮಾರು ಏಳನೆಯ ವಯಸ್ಸೆಂದೇ ಗೊತ್ತುಪಡಿಸಿದರು. ಪರಮಪ್ರಸಾದಕ್ಕಾಗಿ ಏಳು ವರ್ಷ ಕಾಯುವ ಸಭೆಯ ಶಾಲೆ, ಹಸುವಿನ ಚಿತ್ರಕ್ಕಾಗಿ ನಾಲ್ಕು ವರ್ಷವೂ ಕಾಯಲಾರದು.

ಸರಕಾರದ ನಡೆಗಳಲ್ಲೂ ಸ್ಥಿರತೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. 2022ರ ಅಕ್ಟೋಬರಿನಲ್ಲಿ ಹೊರಬಂದ ಪಠ್ಯಕ್ರಮದ ಚೌಕಟ್ಟು ಆಟವನ್ನೇ ಕಲಿಕೆಯ ನಡುಮನೆಯಲ್ಲಿರಿಸಿತು. ಕಾಗದದಲ್ಲಿ ಇದು ಫ್ರೋಬೆಲರ ತೋಟವೇ. ಆದರೆ ನಮ್ಮ ರಾಜ್ಯದಲ್ಲಿ ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ 2022ರ ಆದೇಶವೇ ಮುಂದೂಡಲ್ಪಟ್ಟು, ಕೊನೆಗೆ 2025ರ ಏಪ್ರಿಲಿನಲ್ಲಿ ಆ ಒಂದು ಸಾಲಿಗೆ ಮಾತ್ರ 5 ವರ್ಷ 5 ತಿಂಗಳೆಂದು ಸಡಿಲಗೊಂಡಿತು. ಮಗುವನ್ನು ಬೇಗನೆ ಶಾಲೆಗೆ ದೂಡಿದ ಹೆತ್ತವರ ಒತ್ತಾಯವೇ ಈ ಸಡಿಲಿಕೆಗೆ ಕಾರಣವಾಯಿತೆಂಬುದನ್ನು ಮರೆಯುವಂತಿಲ್ಲ. ಅಂಗನವಾಡಿಯ ಕಾರ್ಯಕರ್ತೆಯರ ಪಾಡು ಇನ್ನೂ ಕಷ್ಟದ್ದು. ಆಹಾರ ಹಂಚಿ, ತೂಕ ನೋಡಿ, ಗರ್ಭಿಣಿಯರ ಪಟ್ಟಿ ಬರೆದು, ಮೊಬೈಲಿನಲ್ಲಿ ವಿವರ ತುಂಬಿಸಿ ಉಳಿದ ಸಮಯದಲ್ಲಿ ಆಕೆ ಶಿಕ್ಷಕಿ. ದೊರೆಯುವುದು ವೇತನವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರೆಂದು ಹೇಳಿಸಿಕೊಳ್ಳಲು 2022ರವರೆಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ನಮ್ಮ ಶಾಲೆಗಳನ್ನು ನಡೆಸುವವರ ಕಷ್ಟವನ್ನು ನಾವು ಬಲ್ಲೆವು. ಶಿಶುತರಗತಿಗಳಿಗೆ ಸರಕಾರದ ಅನುದಾನವಿಲ್ಲ. ಶಿಕ್ಷಕಿಯರ ಸಂಬಳ ಶುಲ್ಕದಿಂದಲೇ ಹೊರಡಬೇಕು. ಅರ್ಜಿಗಳು ನೂರಾರು, ಸ್ಥಾನಗಳು ಕೆಲವೇ. ಆಟದ ಮೂಲಕ ಕಲಿಸುವ ಧೈರ್ಯ ಮಾಡಿದ ಭಗಿನಿಯೊಬ್ಬರು ನಮ್ಮೊಡನೆ ತೋಡಿಕೊಂಡದ್ದಿದೆ: ಜೂನ್ ಮುಗಿಯುವಷ್ಟರಲ್ಲಿ ಹೆತ್ತವರು ಬಂದು, ಪಕ್ಕದ ಶಾಲೆಯ ಮಗು ಆಗಲೇ ನೂರರವರೆಗೆ ಬರೆಯುತ್ತದೆ, ನಮ್ಮ ಮಗುವಿನ ಪುಸ್ತಕವೇಕೆ ಖಾಲಿ ಎಂದು ಕೇಳುತ್ತಾರಂತೆ. ಎರಡನೆಯ ವರ್ಷಕ್ಕೆ ಅವರೂ ಸೋತು ಬರವಣಿಗೆ ಪುಸ್ತಕಗಳನ್ನು ತರಿಸಿದರು. ಪ್ರಭುವಿನ ಬಳಿಗೆ ಬರುತ್ತಿದ್ದ ಎಳೆಯರನ್ನು ತಡೆದ ಶಿಷ್ಯರೂ ಕೆಟ್ಟ ಮನಸ್ಸಿನವರಾಗಿರಲಿಲ್ಲ. ಜನಸಂದಣಿಯಲ್ಲಿ ಒಂದು ವ್ಯವಸ್ಥೆ ಇರಲೆಂದೇ ತಡೆದಿರಬೇಕು. ಪ್ರಭು ಸಿಟ್ಟಾದದ್ದು ಮಾತ್ರ ಅವರ ಮೇಲೆಯೇ.

ಆದ್ದರಿಂದ ದೂರಿನ ಅರ್ಧ ಭಾಗ ನಮ್ಮ ಮನೆಗಳಿಗೇ ಸೇರತಕ್ಕದ್ದು. ಮಕ್ಕಳ ಮೊದಲ ಶಿಕ್ಷಕರು ಹೆತ್ತವರೆಂದು ಅದೇ ಮಹಾಸಭೆ ಹೇಳಿದೆ. ಆದರೆ ತಂದೆ ಗಲ್ಫಿನಲ್ಲಿ, ತಾಯಿ ಆಸ್ಪತ್ರೆಯ ಪಾಳಿಯಲ್ಲಿ, ಮಗು ಮೊಬೈಲಿನ ಮುಂದೆ ಎಂಬ ಮನೆಗಳು ಹೆಚ್ಚುತ್ತಿವೆ. ಎರಡರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತಿಳಿಸಿದೆ. ಕೊಂಕಣಿಯಲ್ಲಿ ಮಾತನಾಡಿದರೆ ಶಾಲೆಯಲ್ಲಿ ಹಿಂದೆ ಬೀಳುತ್ತಾನೆಂದು ಹೆದರಿ, ತಮಗೇ ಸರಾಗವಾಗಿ ಬಾರದ ಆಂಗ್ಲ ಭಾಷೆಯಲ್ಲಿ ಮಗುವನ್ನು ಮುದ್ದಿಸುವವರಿದ್ದಾರೆ. ಅಜ್ಜಿಗೂ ಮೊಮ್ಮಗನಿಗೂ ನಡುವೆ ಮಾತೇ ಉಳಿಯದ ಮನೆಯಲ್ಲಿ ಸಂಜೆಯ ಜಪಸರ ಯಾವ ಭಾಷೆಯಲ್ಲಿ ನಡೆಯಬೇಕು? ಆಂಗ್ಲ ಭಾಷೆ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಬರಬೇಕು, ಬರುತ್ತದೆ. 'ಗಾಯ್' ಎಂಬುದನ್ನು ಗಟ್ಟಿಯಾಗಿ ಬಲ್ಲ ಮಗುವಿಗೆ ಅದರ ಇನ್ನೊಂದು ಹೆಸರು ಕಲಿಯಲು ಒಂದು ದಿನ ಸಾಕು.

ನಾವು ಕೇಳುವುದು ದೊಡ್ಡ ಸಂಗತಿಗಳನ್ನೇನಲ್ಲ. ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಲಿ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಪ್ರಾರ್ಥನೆ ಮತ್ತು ಚೀಟಿಯಿಂದ ಎಂದು ಪ್ರೇಷಿತರ ಕಾರ್ಯಕಲಾಪದಲ್ಲಿದೆ. ಪ್ರೇಷಿತರ ಆಯ್ಕೆಗೆ ಸಾಕಾದ ಕ್ರಮ ಎಲ್‌ಕೆಜಿಗೆ ಸಾಲದೆ? ಚೀಟಿ ಎತ್ತುವ ಮೊದಲು, ಕಾನೂನು ಕೇಳದಿದ್ದರೂ, ಕಾಲು ಭಾಗ ಸ್ಥಾನಗಳನ್ನು ನೆರೆಹೊರೆಯ ಬಡ ಮಕ್ಕಳಿಗೆ, ಯಾವ ಮತದವರೇ ಇರಲಿ, ತೆಗೆದಿಡಲಿ. ಅವರ ಶುಲ್ಕವನ್ನು ಶಾಲೆಯೊಂದೇ ಹೊರಬೇಕೆಂದಿಲ್ಲ. ವಾರ್ಷಿಕ ಹಬ್ಬದ ಪಟಾಕಿ, ವಿದ್ಯುದ್ದೀಪ, ಬ್ಯಾಂಡುಗಳಿಗೆ ಹಣ ಹೊಂದಿಸಬಲ್ಲ ಧರ್ಮಕೇಂದ್ರಕ್ಕೆ ಹತ್ತು ಮಕ್ಕಳ ಶುಲ್ಕ ಭಾರವಾಗದು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಮನೆ ರಿಪೇರಿಗೆ, ಔಷಧಕ್ಕೆ ಕೊಡುವಂತೆಯೇ ಇದಕ್ಕೂ ಕೊಡಬಹುದು.

ಹಾಗೆಯೇ ನಮ್ಮ ಇಗರ್ಜಿಗಳ ಆಸುಪಾಸಿನಲ್ಲಿರುವ ಅಂಗನವಾಡಿಗಳ ಕಡೆಗೊಮ್ಮೆ ಕಣ್ಣು ಹಾಯಿಸೋಣ. ಕಥೋಲಿಕರ ಮಕ್ಕಳು ಅಲ್ಲಿಗೆ ಹೋಗುವುದು ಅಪರೂಪ; ಆದುದರಿಂದಲೇ ಅದರ ಸೋರುವ ಮಾಡು ನಮ್ಮ ಪಾಲನಾ ಮಂಡಳಿಯ ಚರ್ಚೆಗೆ ಬರುವುದಿಲ್ಲ. ನಿವೃತ್ತ ಶಿಕ್ಷಕಿಯರು ನಮ್ಮಲ್ಲಿ ಎಷ್ಟಿಲ್ಲ! ವಾರಕ್ಕೆ ಎರಡು ಬೆಳಿಗ್ಗೆ ಅಲ್ಲಿಗೆ ಹೋಗಿ ಹಾಡು, ಕತೆ ಹೇಳಿಬಂದರೆ ಕಾರ್ಯಕರ್ತೆಗೆ ಉಸಿರಾಡಲು ಸಮಯ ಸಿಗುತ್ತದೆ. ಮಕ್ಕಳು ಕಡಿಮೆಯಾಗಿ ಮುಚ್ಚುವ ಹಂತದಲ್ಲಿರುವ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಖಾಲಿ ಕೋಣೆಗಳು ಗೆದ್ದಲಿನ ಪಾಲಾಗುವ ಬದಲು ಮತ್ತೆ ಬಾಲವಾಡಿಗಳಾಗಬಾರದೇಕೆ? ಚಾಪೆ, ನೀರಿನ ಮಡಕೆ, ಹಾಡು ಬಲ್ಲ ಒಬ್ಬರು ಅಂದಿಗೆ ಸಾಕಾಗಿತ್ತು.

ಆ ಹುಡುಗ ಈಗ ಮನೆಯ ಹತ್ತಿರದ ಅಂಗನವಾಡಿಗೆ ಹೋಗುತ್ತಿದ್ದಾನೆ. ಅಲ್ಲಿನ ಕಾರ್ಯಕರ್ತೆ ತುಳು ಮಾತನಾಡುವವರು. ಆತನಿಂದ ನಾಲ್ಕಾರು ಕೊಂಕಣಿ ಪದಗಳನ್ನು ಕಲಿತಿದ್ದಾರೆ, ಆತನಿಗೆ ತುಳು ಬಂದಿದೆ. ಯುಕೆಜಿಗೆ ಮತ್ತೊಮ್ಮೆ ಅದೇ ಶಾಲೆಯಲ್ಲಿ ಪ್ರಯತ್ನಿಸಬೇಕೆಂದು ತಂದೆಗೆ ಆಸೆ, ತಾಯಿ ಒಪ್ಪಿಲ್ಲ. ಹೊಸ ವರ್ಷ ಬಂದೊಡನೆ ಹೆಚ್ಚಿನ ಕಡೆಗಳಲ್ಲಿ ಅರ್ಜಿ ನಮೂನೆಗಳ ವಿತರಣೆ ಆರಂಭವಾಗುತ್ತದೆ. ಪ್ರವೇಶದ ನಿಯಮಗಳನ್ನು ಗೊತ್ತುಪಡಿಸುವ ಆಡಳಿತ ಮಂಡಳಿಗಳ ಸಭೆಗಳು ಅದಕ್ಕೂ ಮೊದಲೇ, ಬಹುಶಃ ಗೋದಲಿಯನ್ನು ಇನ್ನೂ ಬಿಚ್ಚುವ ಮುನ್ನವೇ ನಡೆಯುತ್ತವೆ.